‘ಪೊಲೆ’ ಶಬ್ದದ ಅರ್ಥವಿಚಾರ

ಹಳಗನ್ನಡದ ‘ಪೊಲೆ’, ನಡುಗನ್ನಡದ ‘ಹೊಲೆ’ ಎಂಬ ಶಬ್ದಕ್ಕೆ ಕಿಟ್ಟೆಲ್ ಅವರು ತಮ್ಮ 1894ರ ಕೋಶದಲ್ಲಿ ಕೊಟ್ಟಿರುವ ಅರ್ಥಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ ಒಂದು ಸಂದೇಹ ಹುಟ್ಟದೆ ಇರದು. ಹೆಂಗಸರ ಮುಟ್ಟು, ಹೆರಿಗೆಯ ಮೈಲಿಗೆ, ಅಶುಚಿತ್ವ, ಹೀನತನ, ಪಾಪ ಇವೆಲ್ಲವೂ ಒಂದೇ ಶಬ್ದದ ಅರ್ಥಗಳಾಗಿ ಅಲ್ಲಿ ಸೇರಿವೆ. ಅದಕ್ಕೆ ಹೊಂದಿಕೊಂಡೇ ‘ಪೊಲೆಯ’, ‘ಹೊಲೆಯ’ ಎಂಬ ಜಾತಿವಾಚಕವೂ ಇದೆ. ಮುಟ್ಟಿನಲ್ಲಿ ಪಾಪವಿಲ್ಲ, ಹೆರಿಗೆಯಲ್ಲಿ ಹೀನತನವಿಲ್ಲ. ಹೀಗಿರುವಲ್ಲಿ ದೇಹಧರ್ಮವನ್ನು ಹೇಳುತ್ತಿದ್ದ ಮಾತು ನೀತಿಗೇಡನ್ನು ಹೇಳುವ ಮಾತಾಗಿ ಪರಿಣಮಿಸಿದುದು ಹೇಗೆ? ನಡುವೆ ಒಂದು ಜನಸಮುದಾಯದ ಹೆಸರು ಅದರಲ್ಲಿ ಸಿಕ್ಕಿಕೊಂಡುದು ಹೇಗೆ? ಪ್ರಕೃತ ಲೇಖನದಲ್ಲಿ ವಿಚಾರಿಸಬೇಕೆಂದಿರುವುದು ಇದನ್ನು.

ಇದು ಬರಿಯ ಕೋಶಕಾರರ ಕುತೂಹಲವೆಂದು ತಿಳಿಯಬಾರದು. ಕಾಲೇಜಿನ ತರಗತಿಗಳಲ್ಲಿ ಬಸವಣ್ಣನವರ ವಚನಗಳನ್ನು ಪಾಠ ಹೇಳುವಾಗ, ‘ಹೊಲೆಯ ಎಂದರೆ ಇಲ್ಲಿ ಜಾತಿಯಲ್ಲ, ನೀತಿಗೆಟ್ಟವನು ಎಂದರ್ಥ’ ಎಂಬ ಟಿಪ್ಪಣಿಯನ್ನು ಕೊಟ್ಟು ಮುಂದೆ ಸಾಗುವುದು ನಮ್ಮಲ್ಲಿ ರೂಢಿಯಾಗಿದೆ. ಕೊಡುವವರ ಉದ್ದೇಶ ಒಳ್ಳೆಯದೇ. ಆದರೆ ಆ ಹೆಸರನ್ನು ಹುಟ್ಟಿನೊಂದಿಗೆ ಹೊತ್ತು ಬಂದವರೂ ಎದುರಿನ ಬೆಂಚುಗಳಲ್ಲಿ ಕುಳಿತಿರುತ್ತಾರೆ. ತಮ್ಮ ಕುಲದ ಹೆಸರು ತಮ್ಮದಲ್ಲ, ಲೋಕದ ನೀತಿಗೆಟ್ಟವರದು ಎಂದು ಕೇಳಿ ಅವರು ಸಂತೋಷಪಡಬೇಕೆಂದು ನಾವು ನಿರೀಕ್ಷಿಸುತ್ತೇವೆ. ಈ ನಿರೀಕ್ಷೆ ಎಷ್ಟರಮಟ್ಟಿಗೆ ಯುಕ್ತವಾದುದು ಎಂಬುದನ್ನು ಶಬ್ದದ ಚರಿತ್ರೆಯಿಂದಲೇ ನಿರ್ಣಯಿಸಲು ಸಾಧ್ಯವಿದೆ.

ಮೊದಲು ಜ್ಞಾತಿಶಬ್ದಗಳನ್ನು ನೋಡಬಹುದು. ತಮಿಳಿನಲ್ಲಿ ‘ಪುಲೈ’, ಮಲೆಯಾಳದಲ್ಲಿ ‘ಪುಲ’, ಕೊಡಗಿನಲ್ಲಿಯೂ ತುಳುವಿನಲ್ಲಿಯೂ ‘ಪೊಲೆ’ ಎಂಬ ರೂಪಗಳಿವೆ. ಬರೋ ಮತ್ತು ಎಮಿನೋ ಅವರ ದ್ರಾವಿಡ ವ್ಯುತ್ಪತ್ತಿಕೋಶದಲ್ಲಿ (1961; ಪರಿಷ್ಕೃತ ಮುದ್ರಣ 1984) ಇವೆಲ್ಲವೂ ಒಂದೆಡೆ ಸೇರಿವೆ. ತಮಿಳಿನ ಉಕಾರಕ್ಕೆ ಕನ್ನಡದಲ್ಲಿ ಒಕಾರ ಬಂದಿರುವುದು ಆಶ್ಚರ್ಯದ ಸಂಗತಿಯಲ್ಲ. ಪುಗೈ, ಕುಡೈ, ಉಡಲ್ ಎಂಬ ತಮಿಳು ಶಬ್ದಗಳಿಗೆ ಪ್ರತಿಯಾಗಿ ನಮ್ಮಲ್ಲಿ ಪೊಗೆ, ಕೊಡೆ, ಒಡಲ್ ಎಂದಿವೆಯಷ್ಟೆ. ಈ ಸ್ವರವ್ಯತ್ಯಾಸವನ್ನು ಬರೋ ಅವರು 1940ರಲ್ಲಿಯೂ ಭದ್ರಿರಾಜು ಕೃಷ್ಣಮೂರ್ತಿಯವರು 1958ರಲ್ಲಿಯೂ ವಿಸ್ತಾರವಾಗಿ ವಿವೇಚಿಸಿದ್ದಾರೆ. ಆಮೇಲೆ ಪಕಾರವು ಹಕಾರವಾದುದು ಕನ್ನಡದ ಸಾಮಾನ್ಯ ನಿಯಮಕ್ಕೆ ಒಳಪಟ್ಟ ಮಾತು.

ಈ ಜ್ಞಾತಿಶಬ್ದಗಳಲ್ಲಿ ಮಲೆಯಾಳ ಮತ್ತು ಕೊಡಗಿನ ಅರ್ಥಗಳು ನಮಗೆ ಹೆಚ್ಚು ಪ್ರಯೋಜನಕಾರಿಯಾಗಿವೆ. ಮಲೆಯಾಳದ ‘ಪುಲ’ ಎಂದರೆ ಮುಖ್ಯವಾಗಿ ಸಾವಿನ ಸೂತಕ. ಅದನ್ನು ಕಳೆಯುವ ಸ್ನಾನಕ್ಕೂ ಅಂದಿನ ಕರ್ಮಕ್ಕೂ ‘ಪುಲಕುಳಿ’ ಎಂದು ಹೆಸರು. ಕೊಡವರ ‘ಪೊಲೆ’ಯಲ್ಲಿ ಮುಟ್ಟು, ಹೆರಿಗೆ, ಸಾವು ಮೂರೂ ಸೇರುತ್ತವೆ. ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ಈ ಪೊಲೆ ಬಾರದ ಮನೆ ಯಾವುದೂ ಇಲ್ಲ, ಹುಟ್ಟು ಸಾವುಗಳು ಎಲ್ಲರ ಮನೆಗೂ ಬರುತ್ತವೆ, ಇದು ಒಂದನೆಯದು. ಪೊಲೆಗೆ ಅವಧಿಯುಂಟು, ಇಷ್ಟು ದಿನಗಳೆಂದು ಎಣಿಸಿ ಮಿಂದರೆ ಅದು ಮುಗಿಯಿತು, ಇದು ಎರಡನೆಯದು. ಎಂದ ಮೇಲೆ ಮೂಲದಲ್ಲಿ ಪೊಲೆಯೆಂಬುದು ಒಂದು ಅವಸ್ಥೆ, ಬಂದು ಹೋಗುವಂಥದು. ಅದರಲ್ಲಿ ಯಾರ ತಪ್ಪೂ ಇಲ್ಲ. ತಂದೆ ಸತ್ತ ಮಗನಿಗೆ ಸೂತಕ ಬಂದರೆ ಅವನು ಏನೋ ಮಾಡಬಾರದ್ದನ್ನು ಮಾಡಿದ್ದಾನೆಂದು ಯಾರೂ ಹೇಳುವುದಿಲ್ಲ.

ತಮಿಳಿನ ಸಂಘಸಾಹಿತ್ಯದಲ್ಲಿ ಈ ಶಬ್ದದಿಂದ ನಿಷ್ಪನ್ನವಾದ ‘ಪುಲೈಯನ್’, ‘ಪುಲೈತ್ತಿ’ ಎಂಬ ರೂಪಗಳು ದೊರೆಯುತ್ತವೆ. ಪುಲೈತ್ತಿಯು ಅಲ್ಲಿ ಊರವರ ಬಟ್ಟೆಯನ್ನು ಒಗೆಯುವವಳು. ಪುಲೈಯನು ಚರ್ಮವಾದ್ಯವನ್ನು ಬಾರಿಸುವವನು, ಯುದ್ಧ ಮರಣಾದಿಗಳ ಸಂದರ್ಭದಲ್ಲಿ ಅವನ ವಾದ್ಯ ಕೇಳಿಸುತ್ತದೆ. ಜಾರ್ಜ್ ಹಾರ್ಟ್ ಅವರು 1975ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇಂಥವರು ಅಪಾಯಕರವಾದ ಒಂದು ದೈವಶಕ್ತಿಯೊಡನೆ ವ್ಯವಹರಿಸುವವರೆಂದು ಅಂದಿನ ಜನ ಭಾವಿಸುತ್ತಿದ್ದರೆಂದು ಪ್ರತಿಪಾದಿಸಿದ್ದಾರೆ. ಈ ವಾದವನ್ನು ಅದರ ಎಲ್ಲ ವಿವರಗಳೊಡನೆ ಒಪ್ಪಲೇಬೇಕೆಂದಿಲ್ಲ. ಆದರೆ ಅದರಲ್ಲಿ ಒಂದು ಅಂಶ ಸ್ಥಿರವಾಗಿದೆ: ಪರರ ಪೊಲೆಯನ್ನು ತೊಳೆಯುವ ಕೆಲಸ ಯಾರ ಪಾಲಿಗೆ ಬಂದಿತೋ ಪೊಲೆಯ ಹೆಸರು ಅವರಿಗೆ ಅಂಟಿಕೊಂಡಿತು. ಬಟ್ಟೆಯ ಕೊಳೆ ಉಟ್ಟವನದು, ಹೆಸರು ಮಾತ್ರ ಒಗೆದವಳಿಗೆ.

ಇಲ್ಲಿ ಬಹಳ ಜನ ಒಲವು ತೋರಿರುವ ಇನ್ನೊಂದು ವ್ಯುತ್ಪತ್ತಿಯನ್ನು ಪರೀಕ್ಷಿಸಬೇಕಾಗಿದೆ. ‘ಹೊಲೆಯ’ ಎಂಬುದು ‘ಹೊಲೆ’ಯಿಂದ ಬಂದುದಲ್ಲ, ‘ಹೊಲ’ದಿಂದ ಬಂದುದು, ಹೊಲದಲ್ಲಿ ದುಡಿಯುವವನು ಹೊಲೆಯ ಎಂದು ಈ ಪಕ್ಷದವರು ಹೇಳುತ್ತಾರೆ. ಇಂಗ್ಲಿಷರ ಆಳ್ವಿಕೆಯ ಕಾಲದ ಜಾತಿವರ್ಣನೆಗಳಲ್ಲಿಯೂ ಈ ಮಾತು ಬರುತ್ತದೆ. ಕೇರಳದಲ್ಲಿ ‘ಪುಲಯ’ ಶಬ್ದವನ್ನು ಗದ್ದೆಯೆಂಬ ಅರ್ಥದ ‘ಪುಲಮ್’ ಶಬ್ದದಿಂದ ಸಾಧಿಸುವವರೂ ಇದ್ದಾರೆ. ಈ ವ್ಯುತ್ಪತ್ತಿಯ ಹಿಂದಿರುವ ಹೃದಯವನ್ನು ಗೌರವಿಸಲೇಬೇಕು. ದುಡಿಮೆಯಿಂದ ಹೆಸರು ಪಡೆದವರೆಂದು ಹೇಳುವುದರಲ್ಲಿ ಮಾನವಿದೆ. ಆ ಜನರು ಶತಮಾನಗಳಿಂದ ಹೊಲಗದ್ದೆಗಳಲ್ಲಿ ದುಡಿದವರೆಂಬುದು ನಿರ್ವಿವಾದವಾದ ಇತಿಹಾಸವೂ ಹೌದು.

ಹೀಗಿದ್ದರೂ ಶಬ್ದಶಾಸ್ತ್ರ ಇದಕ್ಕೆ ಬೆಂಬಲ ಕೊಡುವುದಿಲ್ಲ. ತಮಿಳಿನ ‘ಅಮ್’ ಅಂತ್ಯಕ್ಕೆ ಕನ್ನಡದಲ್ಲಿ ಅಕಾರವೂ ‘ಐ’ ಅಂತ್ಯಕ್ಕೆ ಎಕಾರವೂ ಬರುವುದು ನಿಯಮ: ಮರಮ್, ಮರ, ತಲೈ, ತಲೆ. ಅದರಂತೆಯೇ ಪುಲಮ್ ಎಂಬುದಕ್ಕೆ ಪೊಲ, ಪುಲೈ ಎಂಬುದಕ್ಕೆ ಪೊಲೆ. ತಮಿಳಿನಲ್ಲಿ ‘ಪುಲೈಯನ್’ ಎಂದಿರುವುದರಿಂದಲೂ ಕನ್ನಡದಲ್ಲಿ ‘ಪೊಲೆಯಂ’ ಎಂದಿರುವುದರಿಂದಲೂ ಇವೆರಡು ರೂಪಗಳೂ ಐಕಾರಾಂತವಾದ ಶಬ್ದದಿಂದಲೇ ಹುಟ್ಟಿದುವೆಂದು ಹೇಳಬೇಕಾಗುತ್ತದೆ. ನಡುವಣ ಯಕಾರವು ಎಕಾರದ ಮುಂದೆ ಬಂದ ಆಗಮ. ‘ಹೊಲತಿ’, ‘ಹೊಲಗೇರಿ’ ಎಂಬ ರೂಪಗಳಲ್ಲಿ ಅಕಾರವಿದೆಯಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ‘ಮನೆ’ಯಿಂದ ‘ಮನವಾರ್ತೆ’ಯೂ ‘ತಲೆ’ಯಿಂದ ‘ತಲಬಾಗಿಲು’ ಎಂಬುದೂ ಬಂದಿರುವಂತೆ ಇದೂ ಪದಮಧ್ಯದ ಎಕಾರ ಅಕಾರವಾಗಿರುವ ಉದಾಹರಣೆ. ‘ಹೊಲೆಗೇರಿ’ ಎಂಬ ರೂಪವೂ ಬಳಕೆಯಲ್ಲಿದೆ. ತಮಿಳಿನ ‘ಪುಲೈತ್ತಿ’ಯನ್ನು ಪಕ್ಕದಲ್ಲಿಟ್ಟು ನೋಡಿದರೆ ಸಂದೇಹಕ್ಕೆ ಎಡೆಯುಳಿಯುವುದಿಲ್ಲ.

ಒಂದು ಜನಕ್ಕೆ ಗೌರವ ತರಬೇಕೆಂದು ಶಬ್ದದ ಮೂಲವನ್ನು ತಿದ್ದುವುದರಲ್ಲಿ ಇನ್ನೊಂದು ತೊಡಕೂ ಇದೆ. ಹಾಗೆ ತಿದ್ದಿದರೆ, ಆ ಹೆಸರನ್ನು ಇಟ್ಟವರು ನಿರ್ದೋಷಿಗಳಾಗಿಬಿಡುತ್ತಾರೆ. ಹೊಲದವನನ್ನು ಹೊಲೆಯನೆಂದು ಕರೆದುದರಲ್ಲಿ ತಪ್ಪೇನಿದೆ ಎಂದು ಕೇಳುವವರಿಗೆ ದಾರಿಯಾಗುತ್ತದೆ. ಆದುದರಿಂದ ಕಹಿಯಾದ ವ್ಯುತ್ಪತ್ತಿಯೇ ಇಲ್ಲಿ ಹೆಚ್ಚು ಪ್ರಾಮಾಣಿಕವಾದ ಸಾಕ್ಷಿ.

ಇನ್ನು ವ್ಯಾಕರಣದ ಒಂದು ಸೂಕ್ಷ್ಮ. ‘ಪೊಲೆ’ಯೆಂಬುದು ಭಾವ, ‘ಪೊಲೆಯಂ’ ಎಂಬುದು ಅದನ್ನು ಉಳ್ಳವನು. ಕೇವಲ ವ್ಯಾಕರಣವನ್ನೇ ಹಿಡಿದು ಹೊರಟರೆ, ಸೂತಕದಲ್ಲಿರುವ ಯಾವನೇ ಆಗಲಿ ಆ ಹತ್ತು ದಿನಗಳ ಮಟ್ಟಿಗೆ ಪೊಲೆಯನಾಗಬೇಕು. ಹನ್ನೊಂದನೆಯ ದಿನ ಆಗದೆ ಇರಬೇಕು. ಆದರೆ ಭಾಷೆ ಹಾಗೆ ನಡೆಯಲಿಲ್ಲ. ಅವಸ್ಥೆಯನ್ನು ಹೇಳುವ ನಾಮಕ್ಕೆ ಪುರುಷಪ್ರತ್ಯಯ ಹತ್ತಿದೊಡನೆ ಅವಸ್ಥೆಯ ಅವಧಿ ಅಳಿಸಿಹೋಯಿತು. ಬಂದು ಹೋಗುವುದು ಹುಟ್ಟಿನೊಡನೆ ಬಂದು ಸಾವಿನವರೆಗೂ ಇರುವಂಥದಾಯಿತು. ಅಷ್ಟೇ ಅಲ್ಲ, ಮಕ್ಕಳಿಗೂ ಇಳಿಯಿತು. ‘ಮೈಲಿಗೆ’ ಎಂಬ ಶಬ್ದಕ್ಕೆ ಇಂಥ ಗತಿ ಬರಲಿಲ್ಲವೆಂಬುದು ಲಕ್ಷ್ಯದಲ್ಲಿಡತಕ್ಕ ಮಾತು. ಮೈಲಿಗೆಯಿಂದ ಯಾವ ಜಾತಿಯ ಹೆಸರೂ ಹುಟ್ಟಿಲ್ಲ. ಆದುದರಿಂದಲೇ ಇಂದಿಗೂ ಮಡಿವಂತರ ಮನೆಗಳಲ್ಲಿ ಅದು ನಿಸ್ಸಂಕೋಚವಾದ ಮಾತಾಗಿ ಉಳಿದಿದೆ. ‘ಹೊಲೆ’ಯಾದರೋ ತಮ್ಮ ಮನೆಯ ಸೂತಕಕ್ಕೆ ಹೇಳುವ ಮಾತಾಗಿ ಕನ್ನಡದಲ್ಲಿ ಬಹುಮಟ್ಟಿಗೆ ಹಿಂದೆ ಸರಿದಿದೆ. ಜಾತಿಯ ಹೆಸರಿನ ನೆರಳು ಬಿದ್ದ ಶಬ್ದವನ್ನು ತಮ್ಮ ಒಳಮನೆಗೆ ಬಳಸಲು ಜನ ಹಿಂಜರಿದರೆಂದು ಊಹಿಸಬಹುದು. ಕೇರಳದಲ್ಲಿ ಪುಲಯರೂ ಇದ್ದು ಮೇಲುಜಾತಿಗಳ ಮನೆಯ ‘ಪುಲ’ವೂ ಉಳಿದಿರುವುದರಿಂದ ಈ ಊಹೆಯನ್ನು ಬಹಳ ಬಿಗಿಯಾಗಿ ಹಿಡಿಯುವಂತಿಲ್ಲ.

ಡಾ. ಅಂಬೇಡ್ಕರ್ ಅವರು 1948ರಲ್ಲಿ ಅಸ್ಪೃಶ್ಯರ ಮೂಲವನ್ನು ಕುರಿತು ಬರೆದ ಗ್ರಂಥದ ಆರಂಭದಲ್ಲಿಯೇ ಈ ಭೇದವನ್ನು ಸ್ಪಷ್ಟವಾಗಿ ಎತ್ತಿ ತೋರಿಸಿದ್ದಾರೆ. ಹುಟ್ಟು, ಸಾವು, ಮುಟ್ಟು ಮೊದಲಾದುವುಗಳಿಂದ ಬರುವ ಅಶೌಚ ಲೋಕದ ಪ್ರಾಚೀನ ಸಮಾಜಗಳಲ್ಲೆಲ್ಲಾ ಇದ್ದಿತು. ಆದರೆ ಅದು ತಾತ್ಕಾಲಿಕ, ಶುದ್ಧಿಗೆ ಉಪಾಯವುಳ್ಳದ್ದು. ಒಂದು ಜನಸಮುದಾಯವನ್ನೇ ಆನುವಂಶಿಕವಾಗಿ, ಎಂದೆಂದಿಗೂ ಅಶುಚಿಯೆಂದು ಹೊರಗಿಟ್ಟುದು ಹಿಂದೂ ಸಮಾಜದಲ್ಲಿ ಕಾಣುವ ವಿಶೇಷವೆಂಬುದು ಅವರ ನಿರೂಪಣೆಯ ತಾತ್ಪರ್ಯ. ಸಮಾಜಶಾಸ್ತ್ರದ ದಾರಿಯಿಂದ ಅವರು ಮುಟ್ಟಿದ ಈ ನಿರ್ಣಯವನ್ನೇ ಪೊಲೆ, ಪೊಲೆಯ ಎಂಬ ಎರಡು ರೂಪಗಳ ನಡುವಣ ಒಂದು ಪ್ರತ್ಯಯ ಮೌನವಾಗಿ ಹೇಳುತ್ತಿದೆ.

ಇನ್ನು ನೀತ್ಯರ್ಥದ ವಿಚಾರ. ಪೊಲೆಯು ಪಾಪವೆಂಬ ಅರ್ಥಕ್ಕೆ ಹೇಗೆ ತಿರುಗಿತು? ಇಲ್ಲಿ ‘ಪೊಲಸು’, ‘ಹೊಲಸು’ ಎಂಬ ಶಬ್ದ ನಮಗೆ ಸಹಾಯಕವಾಗುತ್ತದೆ. ಇಂದು ನಾವು ಹೊಲಸೆಂದರೆ ಕೊಳಕು ಎಂದಷ್ಟೆ ತಿಳಿಯುತ್ತೇವೆ. ಆದರೆ ತೆಲುಗಿನ ‘ಪೊಲಸು’ ಎಂದರೆ ಮಾಂಸ, ಹಸಿಮಾಂಸದ ನಾತ. ತಮಿಳಿನ ‘ಪುಲಾಲ್’ ಎಂದರೂ ಮಾಂಸವೇ. ತಿರುಕ್ಕುರಳಿನಲ್ಲಿ ಮಾಂಸವರ್ಜನವನ್ನು ಹೇಳುವ ಅಧಿಕಾರಕ್ಕೆ ಈ ಶಬ್ದದಿಂದಲೇ ಹೆಸರಾಗಿದೆ. ಹಳೆಯ ಕನ್ನಡದಲ್ಲಿಯೂ ಪೊಲಸಿಗೆ ಮಾಂಸವೆಂಬ ಅರ್ಥವಿದ್ದಿತು. ಪೊಲೆ, ಪೊಲಸು ಎರಡೂ ಒಂದೇ ಧಾತುವಿನ ಕವಲುಗಳೆಂದು ತೋರುತ್ತದೆ. ಹಸಿಮಾಂಸದ ವಾಸನೆ, ರಕ್ತ, ಹೆರಿಗೆ, ಶವ ಇವೆಲ್ಲವೂ ಇಂದ್ರಿಯಾನುಭವದಲ್ಲಿ ಒಂದಕ್ಕೊಂದು ಹತ್ತಿರವಾದುವೇ.

ಮಾಂಸದಿಂದ ಕೊಲೆಗೆ ದೂರವಿಲ್ಲ. ಅಹಿಂಸೆಯನ್ನು ಪರಮಧರ್ಮವೆಂದು ಸಾರಿದ ಜೈನರ ಪ್ರಭಾವ ತಮಿಳುನಾಡಿನಲ್ಲಿಯೂ ಕರ್ಣಾಟಕದಲ್ಲಿಯೂ ಬಲವಾಗಿದ್ದ ಕಾಲದಲ್ಲಿ, ಮಾಂಸದ ನಾತವನ್ನು ಹೇಳುತ್ತಿದ್ದ ಶಬ್ದ ಕೊಲ್ಲುವವನ ಪಾಪವನ್ನು ಹೇಳತೊಡಗಿದುದು ಸಹಜವಾಗಿಯೇ ಇದೆ. ತಿರುಕ್ಕುರಳಿನ ಕೊಲ್ಲದಿರುವಿಕೆಯ ಅಧಿಕಾರದಲ್ಲಿ, ಕೊಲೆಯನ್ನು ಕಸುಬಾಗಿ ಉಳ್ಳವರು ಬಲ್ಲವರ ದೃಷ್ಟಿಯಲ್ಲಿ ಪುಲೈಯ ಕರ್ಮದವರೆಂಬ ಅಭಿಪ್ರಾಯ ಬರುತ್ತದೆ. ಅಲ್ಲಿ ಕೊಲೈ, ಪುಲೈ ಎಂಬ ಎರಡು ಶಬ್ದಗಳು ದ್ವಿತೀಯಾಕ್ಷರದ ಪ್ರಾಸದಿಂದ ಕೂಡಿಕೊಂಡಿವೆ. ಕನ್ನಡದಲ್ಲಿ ಈ ಪ್ರಾಸ ಇನ್ನೂ ಪೂರ್ಣವಾದುದು: ಕೊಲೆ, ಪೊಲೆ. ಪ್ರಾಸವನ್ನು ಬರಿಯ ಶಬ್ದಾಲಂಕಾರವೆಂದು ಕಡೆಗಣಿಸುವುದು ಸರಿಯಲ್ಲ. ದ್ವಿತೀಯಾಕ್ಷರಪ್ರಾಸವು ನಿಯತವಾಗಿದ್ದ ಕಾವ್ಯಸಂಪ್ರದಾಯದಲ್ಲಿ ಎರಡು ಶಬ್ದಗಳು ಮತ್ತೆ ಮತ್ತೆ ಜೊತೆಗೂಡಿ ಬಂದರೆ ಅರ್ಥಗಳೂ ಒಂದರ ಬಣ್ಣವನ್ನು ಇನ್ನೊಂದು ಪಡೆಯುತ್ತವೆ. ಹೊಲೆಗೆ ಪಾಪವೆಂಬ ಅರ್ಥ ಗಟ್ಟಿಯಾಗುವುದರಲ್ಲಿ ಕೊಲೆಯೊಡನೆ ಅದಕ್ಕಿದ್ದ ಪ್ರಾಸಮೈತ್ರಿಯ ಪಾತ್ರವೂ ಇದೆಯೆಂದು ನನ್ನ ಅಭಿಪ್ರಾಯ.

ಈ ಹಿನ್ನೆಲೆಯಲ್ಲಿ ಹನ್ನೆರಡನೆಯ ಶತಮಾನಕ್ಕೆ ಬರಬಹುದು. ವಚನಗಳು ನಮಗೆ ದೊರೆತಿರುವುದು ಆಮೇಲಿನ ಶತಮಾನಗಳ ಓಲೆಯ ಪ್ರತಿಗಳಲ್ಲಿ. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ (1923) ಮೊದಲ್ಗೊಂಡು ಸಮಗ್ರ ವಚನ ಸಂಪುಟಗಳವರೆಗೆ ಸಂಪಾದಕರು ಆಧಾರವಾಗಿಟ್ಟುಕೊಂಡುದು ಇವುಗಳನ್ನೇ. ಆದುದರಿಂದ ಒಂದೊಂದು ಅಕ್ಷರವನ್ನು ಹಿಡಿದು ಜಗ್ಗುವುದು ಕ್ಷೇಮವಲ್ಲ. ಆದರೆ ಬಸವಣ್ಣನವರ ಹೆಸರಿನಲ್ಲಿ ಸುಪ್ರಸಿದ್ಧವಾಗಿರುವ ಎರಡು ವಚನಗಳಲ್ಲಿ ಹೊಲೆ, ಹೊಲೆಯ ಎಂಬ ಶಬ್ದಗಳು ಪಡೆದಿರುವ ಅರ್ಥ ಎಷ್ಟು ಭಿನ್ನವಾಗಿದೆಯೆಂದರೆ, ಪಾಠಾಂತರಗಳ ಚಿಂತೆಯಿಲ್ಲದೆಯೇ ಅವನ್ನು ಹೋಲಿಸಬಹುದಾಗಿದೆ.

ಒಂದು ವಚನದಲ್ಲಿ ಜೀವವನ್ನು ಕೊಲ್ಲುವವನು ಮಾದಿಗನೆಂದೂ ಹೊಲಸನ್ನು ಉಣ್ಣುವವನು ಹೊಲೆಯನೆಂದೂ ಹೇಳಿ, ಸಕಲ ಜೀವರಿಗೂ ಒಳಿತನ್ನು ಬಯಸುವ ಶರಣರೇ ಕುಲಜರೆಂದು ತೀರ್ಮಾನಿಸಲಾಗಿದೆ. ಕುಲವು ಹುಟ್ಟಿನಿಂದಲ್ಲ, ನಡತೆಯಿಂದ ಎಂಬುದು ಇದರ ಸಿದ್ಧಾಂತ. ಪಠ್ಯಪುಸ್ತಕಗಳಲ್ಲಿ ಹೆಚ್ಚು ಪ್ರಚಾರ ಪಡೆದಿರುವುದು ಇದೇ. ಇನ್ನೊಂದರಲ್ಲಿ, ತಾಯಿಯ ಹೊಲೆಯ ಹೊರತು ಗರ್ಭದಲ್ಲಿ ಪಿಂಡ ನೆಲೆಗೊಳ್ಳುವುದೇ ಅಸಾಧ್ಯವೆಂದು ಮೊದಲು ಮಾಡಿ, ಕಮ್ಮಾರ, ಅಗಸ, ನೇಕಾರ, ಬ್ರಾಹ್ಮಣ ಎಂಬ ಭೇದಗಳು ಅವರವರು ಮಾಡುವ ಕೆಲಸದಿಂದ ಬಂದುವೇ ಹೊರತು ಯಾರೂ ಬೇರೆ ಬಗೆಯಲ್ಲಿ ಹುಟ್ಟಿಬಂದವರಲ್ಲವೆಂದು ವಾದಿಸಲಾಗಿದೆ.

ಎರಡೂ ಜಾತಿಖಂಡನೆಯ ವಚನಗಳೆಂದು ಒಟ್ಟಿಗೆ ಹೇಳಿಬಿಡುವುದು ಸುಲಭ. ಆದರೆ ತರ್ಕದ ದೃಷ್ಟಿಯಿಂದ ಇವೆರಡರ ದಾರಿಗಳು ಬೇರೆ ಬೇರೆ. ಎರಡನೆಯ ವಚನ ಹೊಲೆಯೆಂಬ ಶಬ್ದವನ್ನು ಅದರ ಮೂಲಾರ್ಥಕ್ಕೆ, ಕೊಡವರ ಪೊಲೆಯೂ ಮಲೆಯಾಳಿಗಳ ಪುಲವೂ ಹೇಳುವ ದೇಹಧರ್ಮದ ಅರ್ಥಕ್ಕೆ, ಹಿಂದಿರುಗಿಸುತ್ತದೆ. ಹಾಗೆ ಹಿಂದಿರುಗಿಸಿದೊಡನೆ ಅದು ಸರ್ವಸಾಮಾನ್ಯವಾದ ಸಂಗತಿಯಾಗುತ್ತದೆ. ವೇದವನ್ನು ಓದುವವನ ತಾಯಿಗೂ ಅದು ಉಂಟು. ಅಷ್ಟೇ ಅಲ್ಲ, ಅಶುಚಿಯೆನಿಸಿದುದೇ ಜೀವಕ್ಕೆ ಆಶ್ರಯವೆಂಬ ವಿಚಾರವೂ ಅಲ್ಲಿದೆ. ಶಬ್ದವನ್ನು ನಿರಾಕರಿಸದೆ, ಅದರ ಕಳಂಕವನ್ನು ಮಾತ್ರ ನಿರಾಕರಿಸುವ ಇಂಥ ಪ್ರಯೋಗ ಅಪೂರ್ವವಾದುದು.

ಮೊದಲನೆಯ ವಚನದ ದಾರಿ ಹೀಗಲ್ಲ. ಅಲ್ಲಿ ‘ಹೊಲೆಯ’ನೆಂಬುದು ಯಾರನ್ನು ಕುರಿತ ಮಾತೆಂಬುದು ಬದಲಾಗಿದೆಯೇ ಹೊರತು ಅದು ಹೀನಾರ್ಥದ ಮಾತೆಂಬುದು ಬದಲಾಗಿಲ್ಲ. ಹೆಸರಿನ ಕೊಳೆ ಹಾಗೆಯೇ ಇದೆ. ಅದನ್ನು ಹೊರಬೇಕಾದ ತಲೆ ಮಾತ್ರ ಬೇರೆಯಾಗಿದೆ. ಕೇರಿಯಲ್ಲಿರುವವನಿಗೆ ದೊರೆತ ಬಿಡುಗಡೆ ಎಂಥದು? ನೀನು ಹೊಲೆಯನಲ್ಲ ಎಂದು ಅವನಿಗೆ ಹೇಳಿದಂತಾಯಿತು, ಹೊಲೆಯನಾಗಿರುವುದರಲ್ಲಿ ಹೀನತನವೇನೂ ಇಲ್ಲ ಎಂದು ಹೇಳಿದಂತಾಗಲಿಲ್ಲ. ತರಗತಿಯಲ್ಲಿ ನಾವು ಕೊಡುವ ಟಿಪ್ಪಣಿಯ ಇಕ್ಕಟ್ಟು ಇದೇ.

ಇದಕ್ಕಿಂತಲೂ ಗಂಭೀರವಾದ ಮಾತೊಂದಿದೆ. ಆ ವಚನ ನೀತಿಗೇಡಿಗೆ ಕೊಟ್ಟಿರುವ ಲಕ್ಷಣಗಳು ಯಾವುವು? ಕೊಲ್ಲುವುದು ಮತ್ತು ಹೊಲಸನ್ನು ಉಣ್ಣುವುದು. ಹೊಲಸೆಂದರೆ ಬರಿಯ ಕೊಳಕೆಂದು ಅರ್ಥ ಹೇಳುವ ಅಧ್ಯಾಪಕರಿಗೆ ಇಲ್ಲಿ ತೊಡಕು ಕಾಣುವುದಿಲ್ಲ. ಅದಕ್ಕೆ ಮಾಂಸವೆಂಬ ಹಳೆಯ ಅರ್ಥವೂ ಇದೆಯೆಂದು ನೆನೆದರೆ ತೊಡಕು ಕಾಣುತ್ತದೆ. ಸತ್ತ ದನವನ್ನು ಹೊತ್ತುಕೊಂಡು ಹೋಗಿ, ಚರ್ಮವನ್ನು ಸುಲಿದು ಹದಮಾಡಿ, ಅದರ ಮಾಂಸವನ್ನು ಉಂಡು ಬದುಕಬೇಕೆಂಬ ಪಾಡನ್ನು ಊರು ಯಾರ ಮೇಲೆ ಹೊರಿಸಿದ್ದಿತೋ ಅವರ ಬಾಳಿನಿಂದಲೇ ಈ ಲಕ್ಷಣಗಳನ್ನು ಆಯ್ದಂತಾಗಿದೆ. ಹುಟ್ಟಿನ ಅಳತೆಗೋಲನ್ನು ಬಿಟ್ಟು ನಡತೆಯ ಅಳತೆಗೋಲನ್ನು ಹಿಡಿದುದು ನಿಜ. ಆದರೆ ಆ ಹೊಸ ಅಳತೆಗೋಲಿನ ಗುರುತುಗಳು ಪೂರ್ತಿಯಾಗಿ ಹೊಸವಲ್ಲ.

ಇದನ್ನು ಇಂದಿನವರ ಕುಚೋದ್ಯವೆಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ಈ ಪ್ರಶ್ನೆಯನ್ನು ವಚನಸಾಹಿತ್ಯದ ಒಳಗಿನಿಂದಲೇ ಒಬ್ಬಳು ಕೇಳಿದ್ದಾಳೆ. ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆಯ ವಚನವೊಂದರಲ್ಲಿ, ಕುರಿ ಮೀನುಗಳಂಥ ಸಣ್ಣ ಪ್ರಾಣಿಗಳನ್ನು ತಿನ್ನುವವರು ಮೇಲುಕುಲದವರೆನಿಸಿಕೊಳ್ಳುತ್ತಿರಲು, ಶಿವನಿಗೆ ಅರ್ಪಿತವಾಗುವ ಪಂಚಾಮೃತವನ್ನು ಕರೆಯುವ ಹಸುವನ್ನು ಉಣ್ಣುವವರು ಕೀಳುಜಾತಿಯವರಾದುದು ಯಾವ ನ್ಯಾಯವೆಂಬ ಪ್ರಶ್ನೆ ಬರುತ್ತದೆ. ಸಂಪ್ರದಾಯ ಪೆದ್ದಿಗಳನ್ನೂ ಕಾಳವ್ವೆಯನ್ನೂ ಕೇರಿಯಿಂದ ಬಂದವರೆಂದೇ ಹೇಳುತ್ತದೆ. ಕಾಳವ್ವೆಗೆ ಸಿದ್ಧಾಂತದಲ್ಲಿ ಬಸವಣ್ಣನವರೊಡನೆ ವಿರೋಧವಿಲ್ಲ. ಆದರೆ ಉಣ್ಣುವುದನ್ನು ಹಿಡಿದು ಕುಲವನ್ನು ಅಳೆಯುವ ಜಾಗದಲ್ಲಿಯೇ ಅವಳು ಬೆರಳಿಟ್ಟಿದ್ದಾಳೆ. ಈ ಎರಡು ವಚನಗಳನ್ನು ಒಂದೇ ತರಗತಿಯಲ್ಲಿ, ಒಂದರ ಬೆನ್ನಿಗೆ ಒಂದನ್ನು ಓದಿಸಬೇಕು. ಹಾಗೆ ಓದಿಸದೆ ಮೊದಲನೆಯದನ್ನು ಮಾತ್ರ ಕಂಠಪಾಠ ಮಾಡಿಸುವುದು ವಚನ ಚಳುವಳಿಗೇ ಅನ್ಯಾಯ.

ಬಸವಣ್ಣನವರ ವಿಷಯದಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತು ಇನ್ನೊಂದಿದೆ. ತಾವು ಮಾದಾರ ಚೆನ್ನಯ್ಯನ ಮನೆಯ ದಾಸನ ಮಗನಿಗೂ ಡೋಹರ ಕಕ್ಕಯ್ಯನ ಮನೆಯ ದಾಸಿಯ ಮಗಳಿಗೂ ಹುಟ್ಟಿದ ಮಗನೆಂಬ ಭಾವದ ಅವರ ವಚನ ಪ್ರಸಿದ್ಧವಾಗಿದೆ. ಇದರಲ್ಲಿ ಶಬ್ದಕ್ಕೆ ಹೊಸ ಲಕ್ಷಣವನ್ನು ಹೇಳುವ ಗೊಡವೆಯೇ ಇಲ್ಲ. ಆ ಹೆಸರಿನ ಕೆಳಗೆ ತಾವೇ ಹೋಗಿ ನಿಂತಿದ್ದಾರೆ. ನೀತಿಯ ಪರಿಭಾಷೆಯಿಂದ ಆಗದೆ ಇದ್ದುದು ಇಲ್ಲಿ ಬಾಂಧವ್ಯದ ಮಾತಿನಿಂದ ಆಗಿದೆ.

ಹದಿಮೂರನೆಯ ಶತಮಾನದ ರಾಘವಾಂಕ ಕವಿ ‘ಹರಿಶ್ಚಂದ್ರಕಾವ್ಯ’ದಲ್ಲಿ ಈ ಪ್ರಶ್ನೆಯನ್ನು ಕಥೆಯ ಮಧ್ಯಕ್ಕೇ ತಂದಿರಿಸಿದ್ದಾನೆ. ವಿಶ್ವಾಮಿತ್ರನು ಸೃಷ್ಟಿಸಿ ಕಳುಹಿಸಿದ ಹೊಲತಿಯರು ಅರಸನ ಮುಂದೆ ಹಾಡಿ, ಮೊದಲು ಅವನ ಸತ್ತಿಗೆಯನ್ನೂ ಆಮೇಲೆ ಅವನನ್ನೇ ಗಂಡನನ್ನಾಗಿಯೂ ಬೇಡುತ್ತಾರೆ. ಆಗ ನಡೆಯುವ ವಾದ ನಮ್ಮ ಸಾಹಿತ್ಯದಲ್ಲಿಯೇ ಚತುರವಾದ ವಾದಗಳಲ್ಲೊಂದು. ಹಾಡನ್ನು ಕೇಳಿದ ಕಿವಿಗೆ, ರೂಪವನ್ನು ನೋಡಿದ ಕಣ್ಣಿಗೆ, ಗಂಧವನ್ನು ಪಡೆದ ಮೂಗಿಗೆ ಇಲ್ಲದ ಹೊಲೆ, ಮುಟ್ಟುವ ಮೈಗೆ ಮಾತ್ರ ಎಲ್ಲಿಂದ ಬಂದಿತೆಂಬುದು ಅವರ ಪ್ರಶ್ನೆಯ ಸಾರ. ಅರಸನಲ್ಲಿ ಇದಕ್ಕೆ ಉತ್ತರವಿಲ್ಲ; ಅವನು ಅವರನ್ನು ಹೊಡೆಸುತ್ತಾನೆ. ಕುಲವನ್ನು ಉಳಿಸಿಕೊಳ್ಳಬೇಕೆಂದು ರಾಜ್ಯವನ್ನು ಬಿಟ್ಟವನು ಕಡೆಯಲ್ಲಿ ಸತ್ಯವನ್ನು ಉಳಿಸಿಕೊಳ್ಳುವುದಕ್ಕಾಗಿ ಸುಡುಗಾಡಿನ ಒಡೆಯನಾದ ವೀರಬಾಹುವಿಗೆ ಆಳಾಗುತ್ತಾನೆ. ಶವ, ಬೆಂಕಿ, ಸುಡುಗಾಡಿನ ಕಾವಲು: ಪೊಲೆಯ ಅರ್ಥದಲ್ಲಿ ಏನೇನಿದೆಯೋ ಅದರ ನಟ್ಟನಡುವೆ ಅವನ ಸತ್ಯ ಕಳೆಗುಂದದೆ ನಿಲ್ಲುತ್ತದೆ. ಹೊಲೆಗೂ ನೀತಿಗೇಡಿಗೂ ಸಂಬಂಧವಿಲ್ಲವೆಂಬುದನ್ನು ಇದಕ್ಕಿಂತ ಬಲವಾಗಿ ತೋರಿಸಿದ ಇನ್ನೊಂದು ಪ್ರಾಚೀನ ಕಾವ್ಯವನ್ನು ನಾನು ಕಾಣೆ. ರಾಘವಾಂಕ ಉದ್ದೇಶಪೂರ್ವಕವಾಗಿ ಹಾಗೆ ಮಾಡಿದನೆಂದು ಹೇಳುತ್ತಿಲ್ಲ. ಹೊಲತಿಯರ ವಿಷಯದಲ್ಲಿ ಕವಿಯ ಸಹಾನುಭೂತಿಗೆ ಮಿತಿಯಿದೆ. ಆದರೆ ಕಥೆ ಕವಿಗಿಂತ ಮುಂದೆ ಹೋಗಿದೆ.

ಪುರಂದರದಾಸರ ಕೀರ್ತನೆಯೊಂದು ಹೊಲೆಯನು ಊರ ಹೊರಗಷ್ಟೇ ಇರುವನೆ, ಊರ ಒಳಗಿಲ್ಲವೆ ಎಂಬ ಪ್ರಶ್ನೆಯಿಂದ ಮೊದಲಾಗಿ, ಆಚಾರ ತಪ್ಪಿದವರು, ಇದ್ದೂ ದಾನಮಾಡದವರು ಮೊದಲಾದವರ ಪಟ್ಟಿಯನ್ನು ಕೊಡುತ್ತದೆ. ಚಮತ್ಕಾರ ಚೆನ್ನಾಗಿದೆ, ಊರೊಳಗಿನವರಿಗೆ ಚಾಟಿಯೇಟೂ ಬಿದ್ದಿದೆ. ಆದರೆ ಅದು ಬಸವಣ್ಣನವರ ಮೊದಲನೆಯ ವಚನದ ದಾರಿಯನ್ನೇ ಹಿಡಿದಿರುವುದರಿಂದ, ಅದರ ಬಗ್ಗೆ ಮೇಲೆ ಹೇಳಿದ ಮಾತೇ ಇಲ್ಲಿಗೂ ಸಲ್ಲುತ್ತದೆ. ಚಾಟಿಯನ್ನು ಯಾರ ಚರ್ಮದಿಂದ ಹೆಣೆದರೆಂಬುದನ್ನು ಕೇಳುವವರಿಲ್ಲ.

ಇಂದು ನೀತಿಗೇಡಿಗೆ ನಾವು ಬಳಸುವ ‘ಭ್ರಷ್ಟ’ ಎಂಬ ಶಬ್ದವನ್ನು ಇದರೊಡನೆ ಹೋಲಿಸಿ ನೋಡಬಹುದು. ಬಿದ್ದವನು, ಜಾರಿದವನು ಎಂಬುದು ಅದರ ಸಂಸ್ಕೃತ ಮೂಲಾರ್ಥ. ಅದಕ್ಕೂ ಜಾತಿಯ ನಂಟು ಇಲ್ಲದಿರಲಿಲ್ಲ. ಜಾತಿಭ್ರಷ್ಟನೆಂದು ಕರೆಸಿಕೊಂಡು ಊರು ಬಿಟ್ಟವರು ಎಷ್ಟೋ ಮಂದಿ. ಆದರೂ ಆ ನಂಟನ್ನು ಕಳಚಿಕೊಂಡು ಅದು ಲಂಚ ತಿನ್ನುವ ಅಧಿಕಾರಿಗೂ ಮಾತು ತಪ್ಪುವ ಮುಖಂಡನಿಗೂ ಸಲ್ಲುವ ಶಬ್ದವಾಗಿದೆ. ಭ್ರಷ್ಟರ ಕೇರಿಯೆಂಬುದು ಯಾವ ಊರಿನಲ್ಲಿಯೂ ಇರಲಿಲ್ಲ. ಬೀಳುವುದು ಅವನವನ ಕರ್ಮ. ಮೊದಲು ಎತ್ತರದಲ್ಲಿದ್ದವನು ಮಾತ್ರ ಬೀಳಬಲ್ಲ. ‘ಹೊಲೆ’ಯ ಬೆನ್ನಿಗೆ ಜೀವಂತರಾದ ಜನರಿದ್ದಾರೆ. ಆದುದರಿಂದ ಅದನ್ನು ಶುದ್ಧವಾದ ನೀತಿಶಬ್ದವನ್ನಾಗಿ ಮಾಡುವ ಪ್ರಯತ್ನ ಎಂಟು ನೂರು ವರ್ಷಗಳಾದರೂ ಸಫಲವಾಗಿಲ್ಲ.

ಇಪ್ಪತ್ತನೆಯ ಶತಮಾನದ ಸಾಹಿತ್ಯದಲ್ಲಿ ಈ ಶಬ್ದ ಬೇರೆಯೇ ಒಂದು ಹಾದಿಯನ್ನು ಹಿಡಿಯಿತು. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕಾದಂಬರಿಯ ಚೋಮನಿಗೆ ಇದ್ದ ಒಂದೇ ಆಸೆಯೆಂದರೆ ಬೇಸಾಯ ಮಾಡಬೇಕೆಂಬುದು. ಹೊಲೆಯನಾದುದರಿಂದ ಅದು ಅವನಿಗೆ ಸಲ್ಲದು. ಹೊಲದಿಂದ ಹೊಲೆಯನೆಂಬ ವ್ಯುತ್ಪತ್ತಿಯನ್ನು ಒಪ್ಪುವವರು ಈ ಕಾದಂಬರಿಯನ್ನು ಮತ್ತೊಮ್ಮೆ ಓದಬೇಕು. 1950ರ ಸಂವಿಧಾನದ 17ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1989ರ ಅಧಿನಿಯಮದ ಮೇರೆಗೆ ಪರಿಶಿಷ್ಟ ಜಾತಿಯವರನ್ನು ಸಾರ್ವಜನಿಕರ ಎದುರಿನಲ್ಲಿ ಉದ್ದೇಶಪೂರ್ವಕವಾಗಿ ಅವಮಾನಗೊಳಿಸುವುದು ಅಪರಾಧವಾಯಿತು. ಜಾತಿಯ ಹೆಸರು ಬೈಗಳಾಗಿ ಉಳಿದಿರುವುದರಿಂದಲೇ ಇಂಥ ಕಾನೂನು ಬೇಕಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಇವೆರಡರ ನಡುವೆ, 1975ರಲ್ಲಿ, ಸಿದ್ಧಲಿಂಗಯ್ಯನವರ ಮೊದಲ ಕವನಸಂಕಲನ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು. ಆ ಶೀರ್ಷಿಕೆಯಲ್ಲಿ ಶಬ್ದಕ್ಕೆ ನೀತಿಯ ವ್ಯಾಖ್ಯಾನವಿಲ್ಲ, ಹೊಲದ ವ್ಯುತ್ಪತ್ತಿಯ ಆಸರೆಯೂ ಇಲ್ಲ. ಇದು ನಮ್ಮ ಹೆಸರು, ಇದು ನಮ್ಮ ಹಾಡು ಎಂಬಷ್ಟೇ ಅದರ ಧ್ವನಿ. ಅವರಿವರಿಗೆ ಹಂಚಲಾಗಿದ್ದ ಹೆಸರನ್ನು ಅದರ ಒಡೆಯರು ಹಿಂದಕ್ಕೆ ತೆಗೆದುಕೊಂಡಂತಾಯಿತು.

ಪಠ್ಯಗಳನ್ನು ಸಂಪಾದಿಸುವವರಲ್ಲಿ ಒಂದು ವಿಜ್ಞಾಪನೆಯುಂಟು. ಮೇಲೆ ಹೇಳಿದ ವಚನಗಳ ಅಡಿಯಲ್ಲಿ ‘ಹೊಲೆಯ: ನೀತಿಗೆಟ್ಟವನು’ ಎಂಬ ಒಂದೇ ಸಾಲಿನ ಟಿಪ್ಪಣಿ ಸಾಲದು. ಹೊಲೆ: ಮುಟ್ಟು, ಹೆರಿಗೆ, ಸಾವುಗಳಿಂದ ಬರುವ, ಎಲ್ಲರಿಗೂ ಸಮಾನವಾದ, ತಾತ್ಕಾಲಿಕವಾದ ಸೂತಕ, ಹೊಲಸು: ಮಾಂಸ, ಬಳಿಕ ಕೊಳಕು, ಹೊಲೆಯ: ಈ ಸೂತಕದ ಹೆಸರನ್ನು ಇತರರು ಶಾಶ್ವತವಾಗಿ ಹೊರಿಸಿದ ಒಂದು ಸಮುದಾಯದವನು, ಈ ವಚನದಲ್ಲಿ ನೀತಿಗೆಟ್ಟವನೆಂಬ ಅರ್ಥದಲ್ಲಿ ಬಳಕೆಯಾಗಿದೆ ಎಂದು ಬರೆಯಬೇಕು. ಸಾಲುಗಳು ಎರಡು ಮೂರು ಹೆಚ್ಚಾಗುತ್ತವೆ. ಅದರ ಕೆಳಗೆ ಕಾಳವ್ವೆಯ ವಚನಕ್ಕೂ ಸ್ಥಳ ಮಾಡಿಕೊಡಬೇಕು.